ಗಂಡಿಪೇಟೆ ಕೆರೆ ಕುಡಿಯುವ ನೀರಿಗಷ್ಟೇ ಅಲ್ಲ

ತಾಂಡೂರು: ಇಲ್ಲಿಂದ ಹೈದರಾಬಾದಿಗೆ ಹೊರಟವರು ವಿಕಾರಾಬಾದ್ ಬಳಿ ಅನಂತಗಿರಿ ಗುಡ್ಡ ದಾಟುತ್ತಾರೆ. ಮೂಸಿ ನದಿ ಹುಟ್ಟುವುದು ಈ ಗುಡ್ಡದಲ್ಲೇ. ಇದೇ ಸಣ್ಣ ಹೊಳೆ 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿಗೆ ನುಗ್ಗಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು.

ಮರುವರ್ಷ ನಿಜಾಮ್ ಸರ್ಕಾರ ಕರೆಸಿದ್ದು ಕನ್ನಡಿಗ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯ ಅವರನ್ನು. ಅವರು ನಗರದ ಸೇತುವೆಗಳನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ, ನದಿಯ ಮೇಲ್ಭಾಗದ ಲೆಕ್ಕ ತೆಗೆದರು. ಅಲ್ಲಿದ್ದ 788 ಕೆರೆಗಳ ಪೈಕಿ 221 ಒಡೆದಿದ್ದವು. ಮಳೆ ನೀರಿನ ಜತೆಗೆ ಒಡೆದ ಕೆರೆಗಳ ನೀರೂ ಸೇರಿ ಊರು ಮುಳುಗಿತ್ತು.

ಎರಡು ಕೆಲಸ: ಅವರು ಸೂಚಿಸಿದ ಉಪಾಯ ಸರಳ. ನಗರದ ಮೇಲುಗಡೆಯೇ ಪ್ರವಾಹ ಹಿಡಿದಿಡಬೇಕು, ನದಿ ತಾಳುವಷ್ಟೇ ನೀರು ಕೆಳಗೆ ಬಿಡಬೇಕು. ಹಂಗಾಗಿ ಮೂಸಿಗೆ ಅಡ್ಡಲಾಗಿ ಗಂಡಿಪೇಟೆಯಲ್ಲಿ 1920ರಲ್ಲಿ ಉಸ್ಮಾನ್ ಸಾಗರ, ಈಸಿ ನದಿಗೆ 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಗಂಡಿಪೇಟೆ ನೀರು ಪಂಪಿನ ಹಂಗಿಲ್ಲದೆ ಇಳಿಜಾರಿನ ಕಾಲುವೆಯಲ್ಲೇ ಆಸಿಫ್‌ನಗರದ ಶುದ್ಧೀಕರಣ ಘಟಕ ಸೇರುವಂತೆ ಮಾಡಲಾಯಿತು. ಅಂದ್ರೆ ಪ್ರವಾಹ ತಡೆಯುವುದು ಮೊದಲ ಕೆಲಸ, ಬಾಯಾರಿಕೆ ನೀಗುವುದು ಎರಡನೆಯದು.

ಈಗ ಈ ಮೊದಲ ಕೆಲಸವೇ ಮರೆತುಹೋಗುತ್ತಿದೆ. 1996ರ 111ನೇ ಸರ್ಕಾರಿ ಆದೇಶ ಈ ಎರಡು ಜಲಾಶಯಗಳ ಸುತ್ತ 10 ಕಿ.ಮೀ. ವ್ಯಾಪ್ತಿಯ 84 ಹಳ್ಳಿಗಳಲ್ಲಿ ಕಾರ್ಖಾನೆ, ಬಡಾವಣೆಗಳಿಗೆ ಕಡಿವಾಣ ಹಾಕಿತ್ತು. 2022ರ ಏಪ್ರಿಲ್‌ನಲ್ಲಿ ಅದನ್ನು ಸಡಿಲಿಸುವ ಆದೇಶ ಹೊರಬಿತ್ತು. ನಗರಕ್ಕೆ ಕೃಷ್ಣಾ, ಗೋದಾವರಿ, ಮಂಜೀರಾ ನೀರು ಬರುತ್ತದೆ, ಹಳೆಯ ಕೆರೆಗಳ ಅವಲಂಬನೆ ಕಡಿಮೆಯಾಗಿದೆ ಎಂಬುದು ಕೊಟ್ಟ ಕಾರಣ.

ಈ ಮಾತು ಅರ್ಧ ಸತ್ಯ. ಬೀದರ್ ಕಡೆಯಿಂದ ಹರಿದು ಜಹೀರಾಬಾದ್, ನಾರಾಯಣಖೇಡ ಸೀಮೆಯ ಸಿಂಗೂರು ಜಲಾಶಯ ತುಂಬುವ ಮಂಜೀರಾ, ಹೈದರಾಬಾದಿನ ಕೊಡ ತುಂಬಬಹುದು. ಮೂಸಿಯ ಪ್ರವಾಹವನ್ನು ಅದು ತಡೆದೀತೆ? ಹೊಲ, ಹುಲ್ಲುಗಾವಲಿನಲ್ಲಿ ಇಂಗುವ ನೀರು ಸಿಮೆಂಟಿನ ಮೇಲೆ ನಿಲ್ಲುವುದಿಲ್ಲ, ಒಮ್ಮೆಗೇ ಓಡಿಬರುತ್ತದೆ. 2020ರ ಅಕ್ಟೋಬರ್ ಮಳೆಗೆ ಹೈದರಾಬಾದಿನ ಬಡಾವಣೆಗಳು ಮುಳುಗಿದ್ದನ್ನು ಅಲ್ಲಿ ಮಕ್ಕಳಿರುವ ಈ ಭಾಗದ ಕನ್ನಡ ಮನೆಗಳು ಮರೆತಿಲ್ಲ.

ಪ್ಲಾಟ್ ಕೊಳ್ಳುವ ಮುನ್ನ: ಮೊಯಿನಾಬಾದ್, ಚೇವೆಳ್ಳ, ಶಂಕರಪಲ್ಲಿ ಸುತ್ತ ಜಾಗ ಹುಡುಕುವವರಲ್ಲಿ ಗಡಿಭಾಗದವರೂ ಇರುತ್ತಾರೆ. ಜೀವಮಾನದ ಗಳಿಕೆ ಹಾಕುವ ಮುನ್ನ ದರ ಕೇಳಿದ ಹಾಗೆ, ಇಲ್ಲಿ ಬಿದ್ದ ಮಳೆ ಎತ್ತ ಹೋಗುತ್ತದೆ ಎಂದೂ ಕೇಳಬೇಕು. ಅಲ್ಲಿನ ರೈತರ ಜಮೀನಿಗೆ ಬೆಲೆ ಸಿಗದ ಸಂಕಟವೂ ಸುಳ್ಳಲ್ಲ. ಊರು ಕಾಯುವ ನೆಲವನ್ನು ಹಾಗೇ ಉಳಿಸಿದವರಿಗೆ ಸರ್ಕಾರ ಪರಿಹಾರ ಕೊಡಲಿ. ಅದು ಬಿಟ್ಟು ನಿರ್ಬಂಧವನ್ನೇ ತೆಗೆಯುವುದು ಪರಿಹಾರವಲ್ಲ.

ಪ್ರತಿ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಕ್ಕೆ ಹಾರ ಬೀಳುತ್ತದೆ. ಅವರು ಎಣಿಸಿದ ಕೆರೆಗಳಲ್ಲಿ ಉಳಿದಿರುವುದನ್ನು ಕಾಪಾಡಿದರೆ ಆ ಹಾರಕ್ಕೊಂದು ಅರ್ಥ ಬಂದೀತು.