ಸ್ನಾಯುವಿಗಿಂತ ಹಳೆಯ ಪ್ರೋಟೀನುಗಳು

ಸ್ಪಂಜುಪ್ರಾಣಿಗೆ ಸ್ನಾಯುವಿಲ್ಲ. ಬಂಡೆಗೆ ಅಂಟಿಕೊಂಡೇ ಅದರ ಆಯುಷ್ಯ ಕಳೆಯುತ್ತದೆ. ಆದರೂ ಅದರ ಜೀನುಗಳಲ್ಲಿ ಮಯೋಸಿನ್ ಎಂಬ ಪ್ರೋಟೀನಿನ ಒಂದು ಬಗೆ ಇದೆ. ನಮ್ಮ ತೋಳನ್ನು ಮಡಚುವ ಮಯೋಸಿನ್‌ಗೆ ಅದು ಹತ್ತಿರದ ಬಂಧು. ಸ್ನಾಯುವೇ ಇಲ್ಲದವನ ಮನೆಗೆ ಸ್ನಾಯುವಿನ ಸರಕು ಬಂದದ್ದೆಲ್ಲಿಂದ? 2012ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಉತ್ತರ ಕೊಟ್ಟಿತು. ಪ್ರಾಣಿಗಳು ಹುಟ್ಟುವ ಮೊದಲು, ಏಕಕೋಶ ಜೀವಿಗಳ ಕಾಲದಲ್ಲೇ ಮಯೋಸಿನ್ ಜೀನಿಗೆ ಒಂದು ನಕಲು ಹುಟ್ಟಿತ್ತು. ಮುಂದೆ ಎರಡರಲ್ಲಿ ಒಂದು ಪ್ರತಿ ಸ್ನಾಯುವಿನ ಪಾಲಿಗೆ ಬಂತು.

ಅದೇ ಅಧ್ಯಯನ ಜೆಲ್ಲಿಫಿಶ್ ಬಗ್ಗೆಯೂ ಒಂದು ಅಚ್ಚರಿ ಹೇಳಿತು. ಅದರ ಸ್ನಾಯುವಿನಲ್ಲೂ ನಮ್ಮ ಸ್ನಾಯುವಿನಂಥದೇ ಅಡ್ಡಪಟ್ಟೆಗಳಿವೆ. ಆದರೆ ಆ ಪಟ್ಟೆಗೆ ಬೇಕೇಬೇಕೆಂದು ನಾವು ತಿಳಿದಿದ್ದ ಟ್ರೋಪೋನಿನ್, ಟೈಟಿನ್ ಎಂಬ ಪ್ರೋಟೀನುಗಳು ಅದರಲ್ಲಿಲ್ಲ. ಅಂದರೆ ಅದೇ ವಿನ್ಯಾಸ ಎರಡು ಕಡೆ, ಬೇರೆ ಬೇರೆಯಾಗಿ ಮೂಡಿದೆ.

ನನಗೆ ಹೆಚ್ಚು ಸ್ವಾರಸ್ಯ ಕಂಡದ್ದು ಚಿಪ್ಪುಜೀವಿಗಳಲ್ಲಿ. ನಮ್ಮ ಕೈಕಾಲಿನ ಸ್ನಾಯುವಿಗೆ ನರದ ಸೂಚನೆ ಬಂದಾಗ ಕ್ಯಾಲ್ಸಿಯಂ ಹೊರಬರುತ್ತದೆ, ಆಕ್ಟಿನ್ ಎಂಬ ಪ್ರೋಟೀನಿನ ಎಳೆಯ ಮೇಲಿನ ಟ್ರೋಪೋನಿನ್ ಅದನ್ನು ಹಿಡಿಯುತ್ತದೆ, ಆಮೇಲೆ ಮಯೋಸಿನ್ ಆ ಎಳೆಯನ್ನು ಎಳೆಯತೊಡಗುತ್ತದೆ. 1960ರ ದಶಕದಲ್ಲಿ ಟ್ರೋಪೋನಿನ್ ಪತ್ತೆ ಮಾಡಿದವರು ಜಪಾನಿನ ಸೆಟ್ಸುರೊ ಎಬಾಶಿ ಮತ್ತು ಸಂಗಡಿಗರು. ಎಲ್ಲ ಪ್ರಾಣಿಗಳಲ್ಲೂ ಹೀಗೇ ಇರಬೇಕೆನ್ನುವಷ್ಟರಲ್ಲಿ, 1970ರಲ್ಲಿ ಕೆಂಡ್ರಿಕ್-ಜೋನ್ಸ್, ಲೇಮನ್, ಸೆಂಟ್-ಜ್ಯೋರ್ಜಿ ಚಿಪ್ಪುಜೀವಿಗಳ ದಾರಿಯೇ ಬೇರೆಯೆಂದು ತೋರಿಸಿದರು. ಅಲ್ಲಿ ಕ್ಯಾಲ್ಸಿಯಂ ನೇರವಾಗಿ ಮಯೋಸಿನ್‌ಗೇ ಅಂಟುತ್ತದೆ.

ಪಚ್ಚಿಲೆಯ ಜಾತಿಯ ಚಿಪ್ಪುಗಳಿಗೆ ಇನ್ನೊಂದು ಶಕ್ತಿಯಿದೆ. ನೀರಿಳಿತದಲ್ಲಿ ಬಂಡೆ ಬರಿದಾದಾಗ ಅವು ಗಂಟೆಗಟ್ಟಲೆ ಬಾಯಿ ಬಿಗಿದೇ ಇರುತ್ತವೆ. ನಾವು ಮುಷ್ಟಿ ಬಿಗಿದು ಐದು ನಿಮಿಷ ಕೂತರೆ ಕೈ ಸೋಲುತ್ತದೆ. ನಮ್ಮದು ಬಾಗಿಲನ್ನು ಭುಜದಿಂದ ಒತ್ತಿ ನಿಂತ ಸ್ಥಿತಿ. ಅವುಗಳದ್ದು ಅಗುಳಿ ಹಾಕಿದ ಬಾಗಿಲು. ಕ್ಯಾಲ್ಸಿಯಂ ಇಳಿದುಹೋದ ಮೇಲೂ ಬಿಗಿ ಉಳಿಯುತ್ತದೆ, ಶಕ್ತಿಯ ಖರ್ಚು ತೀರಾ ಕಡಿಮೆ. ಈ ಬಿಗಿಯನ್ನು ನಿಯಂತ್ರಿಸುವುದು ಟೈಟಿನ್‌ನ ನಂಟನಾದ ಟ್ವಿಚಿನ್ ಎಂಬ ಪ್ರೋಟೀನು. ನರದಿಂದ ಸೆರೊಟೋನಿನ್ ಎಂಬ ರಾಸಾಯನಿಕ ಬಂದಾಗ ಟ್ವಿಚಿನ್‌ಗೆ ಫಾಸ್ಫೇಟ್ ಅಂಟುತ್ತದೆ, ಚಿಪ್ಪು ಸಡಿಲಾಗುತ್ತದೆ. ಇಲ್ಲಿ ಮಯೋಸಿನ್‌ನ ದಪ್ಪ ಎಳೆಗಳ ತಿರುಳು ಪ್ಯಾರಾಮಯೋಸಿನ್ ಎಂಬ ಇನ್ನೊಂದು ಪ್ರೋಟೀನು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಅದು ಇಲ್ಲ.

ಇದೆಲ್ಲ ಪ್ರಯೋಗಶಾಲೆಯ ಮಾತು ಅನ್ನಿಸಿದರೆ, ಸಿಗಡಿ ತಿಂದು ಮೈಯೆಲ್ಲ ದದ್ದು ಎದ್ದವರನ್ನು ಕೇಳಿ. ಸಿಗಡಿಯ ಮುಖ್ಯ ಅಲರ್ಜಿಕಾರಕ ಟ್ರೋಪೋಮಯೋಸಿನ್ ಎಂಬ ಸ್ನಾಯು ಪ್ರೋಟೀನು ಎಂದು ಗುರುತಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಅವರ ತಂಡವೂ ಇತ್ತು. ಅವರ ವರದಿ ಬಂದದ್ದು 1993ರಲ್ಲಿ. ಈ ಪ್ರೋಟೀನು ನಮ್ಮಲ್ಲೂ ಇದೆ. ಆದರೆ ಸಿಗಡಿಯ ವಂಶವೂ ನಮ್ಮ ವಂಶವೂ ಕವಲೊಡೆದು 50 ಕೋಟಿ ವರ್ಷಗಳಿಗೂ ಮಿಕ್ಕಿದೆ. ಅಷ್ಟರಲ್ಲಿ ಎರಡು ಕಡೆಯ ಪ್ರೋಟೀನುಗಳೂ ಸಾಕಷ್ಟು ಬೇರೆಯಾಗಿವೆ. ಕೆಲವರ ದೇಹ ಆ ವ್ಯತ್ಯಾಸವನ್ನೇ ಶತ್ರುವೆಂದು ಬಗೆಯುತ್ತದೆ. ಕುದಿಸಿದರೂ ಸಿಗಡಿಯ ಟ್ರೋಪೋಮಯೋಸಿನ್ ಸುಲಭಕ್ಕೆ ಕೆಡದು. ಏಡಿಯಲ್ಲಿ, ಜಿರಲೆಯಲ್ಲಿ, ಹಾಸಿಗೆಯ ಧೂಳಿನ ನುಸಿಯಲ್ಲಿ ಅದರ ಹತ್ತಿರದ ರೂಪಗಳೇ ಇರುವುದರಿಂದ ಒಂದು ಆಗದವರಿಗೆ ಇನ್ನೊಂದೂ ಕಾಡಬಹುದು. ಬಂಗುಡೆಯಂಥ ಮೀನಿನ ವಿಷಯ ಹಾಗಲ್ಲ. ಮೀನಿನ ಟ್ರೋಪೋಮಯೋಸಿನ್ ನಮ್ಮದನ್ನೇ ಬಹಳಷ್ಟು ಹೋಲುತ್ತದೆ. ಮೀನು ಆಗದವರನ್ನು ಹೆಚ್ಚಾಗಿ ಕಾಡುವುದು ಪಾರ್ವಾಲ್ಬುಮಿನ್ ಎಂಬ ಬೇರೊಂದು ಸ್ನಾಯು ಪ್ರೋಟೀನು.