ಚಪ್ಪಾಳೆ ಹೊಡೆದವರೆಲ್ಲ ಗಿರಾಕಿಗಳಲ್ಲ

ಊರಲ್ಲಿ ಯಾರಾದರೂ ಚೆನ್ನಾಗಿ ಕೇಕ್ ಮಾಡಿದರೆ ತಿಂದವರು ಹೇಳುವ ಮೊದಲ ಮಾತು ಒಂದೇ: "ನೀನು ಟಿವಿಗೆ ಹೋಗಬೇಕು ಕಣಮ್ಮ." ಅಭಿಮಾನದ ಮಾತು, ಅದರಲ್ಲಿ ತಪ್ಪಿಲ್ಲ. ಆದರೆ ಟಿವಿಗೆ ಹೋಗಿ ಬಂದವರು ಆಮೇಲೆ ಏನಾದರು ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಟ್ರೋಫಿ ಎತ್ತಿದ ರಾತ್ರಿಯನ್ನು ಎಲ್ಲರೂ ನೋಡಿರುತ್ತಾರೆ. ಅದಾದ ಮೇಲಿನ ಸೋಮವಾರವನ್ನು ಯಾರೂ ನೋಡಿರುವುದಿಲ್ಲ.

ಈ ಪ್ರಶ್ನೆ ನಮಗೆ ಯಾಕೆ ಬೇಕು? ಬಟವಾಡಿಯಿಂದ ಆ ಕಡೆ ಗುಬ್ಬಿವರೆಗೆ, ಈ ಕಡೆ ಕುಣಿಗಲ್‌ವರೆಗೆ ಮನೆಯಲ್ಲೇ ಕೇಕ್ ಮಾಡಿ ಮಾರುವ ಹೆಣ್ಣುಮಕ್ಕಳು ಇದ್ದಾರೆ. ಯೂಟ್ಯೂಬೇ ಅವರ ಮೇಷ್ಟ್ರು, ವಾಟ್ಸಾಪ್ ಸ್ಟೇಟಸ್ಸೇ ಅಂಗಡಿಯ ಬೋರ್ಡು. ಅಡುಗೆ ಸ್ಪರ್ಧೆಗಳನ್ನು ನೋಡಿ ಆಸೆ ಹುಟ್ಟಿದವರೂ ಅವರಲ್ಲಿದ್ದಾರೆ. ಆ ಆಸೆಯನ್ನೇ ನಂಬಿ ಓವನ್‌ಗೆ, ಫ್ರೀಜರ್‌ಗೆ ಸಾಲ ಮಾಡುವವರೂ ಇದ್ದಾರೆ. ಸ್ಪರ್ಧೆಗೆ ಹೋಗುವ ಅವಕಾಶ ಬಂದರೆ ಖಂಡಿತ ಹೋಗಿ, ಆದರೆ ಅದನ್ನು ನಂಬಿ ಇರುವ ಕೆಲಸ ಬಿಡಬೇಡಿ, ಸಾಲ ಎತ್ತಬೇಡಿ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಗೆದ್ದವರ ಹತ್ತು ವರ್ಷ

ಬೇಕಿಂಗ್ ಸ್ಪರ್ಧೆಗಳಲ್ಲಿ ಜಗತ್ತಿನಲ್ಲೇ ಹೆಸರಾದದ್ದು ಇಂಗ್ಲೆಂಡಿನ 'ದಿ ಗ್ರೇಟ್ ಬ್ರಿಟಿಷ್ ಬೇಕ್ ಆಫ್'. 2010ರಲ್ಲಿ ಶುರುವಾಯಿತು. ಒಂದು ದೊಡ್ಡ ಟೆಂಟ್ ಹಾಕುತ್ತಾರೆ, ಒಳಗೆ ಮನೆ ಬೇಕರ್‌ಗಳು ವಾರವಾರ ಕೇಕು, ಬ್ರೆಡ್ಡು, ಬಿಸ್ಕತ್ತು ಮಾಡಬೇಕು. ಗೆದ್ದವರಿಗೆ ಅಲ್ಲಿ ನಗದು ಬಹುಮಾನವೇ ಇಲ್ಲ. ಕೇಕ್ ಇಡುವ ಒಂದು ಗಾಜಿನ ಸ್ಟ್ಯಾಂಡು ಮತ್ತು ಹೂಗುಚ್ಛ, ಅಷ್ಟೇ.

2015ರಲ್ಲಿ ಗೆದ್ದವರು ನಾದಿಯಾ ಹುಸೇನ್. ಬಾಂಗ್ಲಾದೇಶ ಮೂಲದ ಕುಟುಂಬದವರು, ಮೂರು ಮಕ್ಕಳ ತಾಯಿ. ಮರುವರ್ಷ ರಾಣಿ ಎಲಿಜಬೆತ್ ಅವರ 90ನೇ ಹುಟ್ಟುಹಬ್ಬದ ಕೇಕ್ ಮಾಡಿದ್ದು ಇವರೇ. ಆಮೇಲೆ ಪುಸ್ತಕ ಬರೆದರು, ಬಿಬಿಸಿಯಲ್ಲಿ ಅವರದ್ದೇ ಅಡುಗೆ ಕಾರ್ಯಕ್ರಮಗಳು ಬಂದವು. ಸ್ಪರ್ಧೆಯಿಂದ ಇವರಷ್ಟು ಮೇಲೆ ಬಂದವರು ಕಡಿಮೆ. ಅಂಥವರೇ 2025ರಲ್ಲಿ, ಬಿಬಿಸಿ ತಮ್ಮ ಅಡುಗೆ ಕಾರ್ಯಕ್ರಮವನ್ನು ಮುಂದುವರಿಸುತ್ತಿಲ್ಲ ಎಂದು ಹೇಳಿಕೊಂಡರು. ಹತ್ತು ವರ್ಷ ದುಡಿದ ಮೇಲೂ ಟಿವಿಯ ಬಾಗಿಲು ತೆರೆಯುವುದು, ಮುಚ್ಚುವುದು ಅವರ ಕೈಯಲ್ಲಿ ಇರಲಿಲ್ಲ.

2018ರಲ್ಲಿ ಗೆದ್ದವರು ಕೋಲ್ಕತ್ತಾ ಕಡೆಯಿಂದ ಓದಲು ಹೋಗಿದ್ದ ರಾಹುಲ್ ಮಂಡಲ್. ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಅಣುಶಕ್ತಿ ಉದ್ಯಮಕ್ಕೆ ಸಂಬಂಧಿಸಿದ ಸಂಶೋಧನೆ ಅವರ ಕೆಲಸ. ದೇಶವೆಲ್ಲ ಹೆಸರಾದ ಮೇಲೂ ಅವರು ಆ ಕೆಲಸ ಬಿಡಲಿಲ್ಲ. ಕೇಕ್ ಮಾಡುವುದನ್ನೂ ಬಿಡಲಿಲ್ಲ. ತಿಂಗಳ ಸಂಬಳ ಬರುತ್ತಿದ್ದರೆ ಹೆಸರು ಹೋದರೂ ಒಲೆ ಆರುವುದಿಲ್ಲ. ಇದು ನನಗೆ ಬುದ್ಧಿವಂತರ ಲೆಕ್ಕ ಅನ್ನಿಸುತ್ತದೆ.

ನಮ್ಮ ದೇಶದ ಕಡೆ ಬನ್ನಿ. 2010ರಲ್ಲಿ 'ಮಾಸ್ಟರ್‌ಶೆಫ್ ಇಂಡಿಯಾ' ಮೊದಲ ಬಾರಿ ನಡೆದಾಗ ಗೆದ್ದವರು ಲಖನೌದ ಶಾಲಾ ಶಿಕ್ಷಕಿ ಪಂಕಜ್ ಭದೌರಿಯಾ. ಅವರು ಶಿಕ್ಷಕಿ ಕೆಲಸ ಬಿಟ್ಟರು, ಅಡುಗೆಯನ್ನೇ ಹಿಡಿದರು, ಇವತ್ತಿಗೂ ಅದರಲ್ಲೇ ಇದ್ದಾರೆ. ಹೀಗೂ ಆಗುತ್ತದೆ. ಆದರೆ ಅವರು ಮೊದಲ ಸೀಸನ್ನಿನ ಮೊದಲ ವಿಜೇತೆ. ಆಗ ಆ ದಾರಿಯಲ್ಲಿ ಜನ ಕಡಿಮೆ. ಈಗ ಪ್ರತಿ ಸೀಸನ್ನಿಗೂ ಒಬ್ಬ ವಿಜೇತ, ಹತ್ತಾರು ಸ್ಪರ್ಧಿಗಳು, ಅದರ ಮೇಲೆ ಲೆಕ್ಕವಿಲ್ಲದಷ್ಟು ಯೂಟ್ಯೂಬ್ ಚಾನೆಲ್‌ಗಳು.

ನಮ್ಮ ಕರ್ನಾಟಕದವರೇ ಗೆದ್ದದ್ದೂ ಇದೆ. 2023ರ ಡಿಸೆಂಬರ್‌ನಲ್ಲಿ ಮಾಸ್ಟರ್‌ಶೆಫ್ ಇಂಡಿಯಾದ ಎಂಟನೇ ಸೀಸನ್ ಗೆದ್ದವರು ಮಂಗಳೂರಿನ ಮೊಹಮ್ಮದ್ ಆಶಿಕ್. ಬಹುಮಾನ 25 ಲಕ್ಷ ರೂಪಾಯಿ. ಇವರು ಬೇಕರ್ ಅಲ್ಲ, ಎಲ್ಲ ಬಗೆಯ ಅಡುಗೆ ಮಾಡುವವರು. ಆದರೂ ಇವರ ದಾರಿ ನೋಡಿ. ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಆಸೆ ಇತ್ತು, ಮನೆಯ ಪರಿಸ್ಥಿತಿ ಬಿಡಲಿಲ್ಲ. ಮಂಗಳೂರಿನಲ್ಲಿ 'ಕುಲುಕ್ಕಿ ಹಬ್' ಅನ್ನುವ ಜ್ಯೂಸ್ ಅಂಗಡಿ ಶುರು ಮಾಡಿದರು. ಹಿಂದಿನ ಸೀಸನ್ನಿಗೂ ಹೋಗಿ ಸೋತು ಬಂದಿದ್ದರು. ಅಂದರೆ ಟಿವಿಗೆ ಹೋಗುವ ಮೊದಲೇ ಅವರಿಗೆ ಅಂಗಡಿ ಇತ್ತು, ಗಿರಾಕಿ ಅಂದರೆ ಏನು ಅಂತ ಗೊತ್ತಿತ್ತು. ನಾವು ಟ್ರೋಫಿಯ ಫೋಟೋ ಶೇರ್ ಮಾಡಿದೆವು, ಜ್ಯೂಸ್ ಅಂಗಡಿಯ ದಿನಗಳನ್ನು ಬಿಟ್ಟುಬಿಟ್ಟೆವು.

ಸ್ಪರ್ಧೆ ಕೇಳುವುದು ಹೊಸದು, ಗಿರಾಕಿ ಕೇಳುವುದು ನಿನ್ನೆಯದ್ದೇ

ಟಿವಿ ಸ್ಪರ್ಧೆ ಮತ್ತು ಬೇಕರಿ ವ್ಯಾಪಾರ ಎರಡೂ ಒಂದೇ ಅಂತ ನಾವು ಅಂದುಕೊಂಡಿದ್ದೇವೆ. ಅಲ್ಲ.

ಸ್ಪರ್ಧೆಯಲ್ಲಿ ಪ್ರತಿ ವಾರ ಹೊಸದು ಮಾಡಬೇಕು. ಈ ವಾರ ಮಾಡಿದ್ದನ್ನೇ ಮುಂದಿನ ವಾರ ಮಾಡಿದರೆ ಮನೆಗೆ ಕಳಿಸುತ್ತಾರೆ. ಅಂಗಡಿಯಲ್ಲಿ ಇದರ ಉಲ್ಟಾ. ನಿನ್ನೆ ತಿಂದ ಖಾರ ಬನ್ ಇವತ್ತೂ ಹಾಗೇ ಇರಬೇಕು. ಉಪ್ಪು ಒಂದು ಚಿಟಿಕೆ ಹೆಚ್ಚಾದರೆ "ಯಾಕಣ್ಣಾ, ಭಟ್ರು ಬದಲಾದ್ರಾ?" ಅಂತ ಕೇಳುತ್ತಾರೆ. ಸ್ಪರ್ಧೆಯಲ್ಲಿ ಒಂದು ಕೇಕ್‌ಗೆ ಎಷ್ಟು ಸಾಮಾನು ಬೇಕಾದರೂ ಸುರಿಯಬಹುದು, ಖರ್ಚು ಚಾನೆಲ್ಲಿನದು. ಅಂಗಡಿಯಲ್ಲಿ ಐವತ್ತು ಗ್ರಾಂ ಬೆಣ್ಣೆಗೂ ಲೆಕ್ಕ ಇದೆ.

ಇದನ್ನು ಕಲಿಯಲು ನಾವು ದೂರ ಹೋಗಬೇಕಿಲ್ಲ. ಕುಣಿಗಲ್ ದಾಟಿ ಹೋಗುವ ಹೆದ್ದಾರಿ ಹಾಸನಕ್ಕೆ ಹೋಗುತ್ತದೆ. ಅಯ್ಯಂಗಾರ್ ಬೇಕರಿಗಳ ಬೇರು ಇರುವುದು ಆ ಹಾಸನದಲ್ಲಿ. ಹಾಸನ ಕಡೆಯ ತಿರುಮಲಾಚಾರ್ ಎಂಬವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರು ಮಾಡಿದ ಬಿ.ಬಿ. ಬೇಕರಿಯೇ ಇವುಗಳಲ್ಲಿ ಮೊದಲನೆಯದು ಅಂತ ಹೇಳುತ್ತಾರೆ. ಅಲ್ಲಿಂದಾಚೆಗೆ ಹಾಸನದ ಹಳ್ಳಿಗಳ ಹುಡುಗರು ನೆಂಟರ ಬೇಕರಿಗೆ, ಊರವರ ಬೇಕರಿಗೆ ಹೋಗಿ ಸೇರಿದರು. ಟ್ರೇ ತೊಳೆದರು, ಹಿಟ್ಟು ನಾದಿದರು, ಒಲೆ ಮುಂದೆ ನಿಂತರು. ಆಮೇಲೆ ಸ್ವಂತ ಅಂಗಡಿ ಇಟ್ಟರು. ಬ್ರೆಡ್ಡು, ಬನ್ನು, ದಿಲ್‌ಪಸಂದ್, ಹನಿ ಕೇಕ್, ಬೆಣ್ಣೆ ಬಿಸ್ಕತ್. ನೂರು ವರ್ಷದಿಂದ ಹೆಚ್ಚು ಕಡಿಮೆ ಅದೇ ಪಟ್ಟಿ. ಅವರಿಗೆ ಯಾವ ತೀರ್ಪುಗಾರರೂ ಅಂಕ ಕೊಟ್ಟಿಲ್ಲ. ಸಂಜೆ ನಾಲ್ಕಕ್ಕೆ ಬಿಸಿ ಬನ್ ಬರುತ್ತದೆ ಅಂತ ಗಿರಾಕಿಗೆ ಗೊತ್ತು, ಅದೇ ಅವರ ಬಂಡವಾಳ.

ಗುಬ್ಬಿಯವರಿಗಂತೂ ಇದು ಚೆನ್ನಾಗಿ ಅರ್ಥವಾಗಬೇಕು. ಗುಬ್ಬಿ ವೀರಣ್ಣನವರ ಕಂಪನಿಯ ಊರು ಅದು. ಯಾವ ನಾಟಕ ಕಂಪನಿಯೂ ಒಂದೇ ಊರಲ್ಲಿ ಕ್ಯಾಂಪ್ ಹಾಕಿಕೊಂಡು ಕೂರುವುದಿಲ್ಲ, ಟೆಂಟ್ ಬಿಚ್ಚಿ ಮುಂದಿನ ಊರಿಗೆ ಹೋಗುತ್ತದೆ. ಟಿವಿಯೂ ಹಾಗೇ. ಸೀಸನ್ ಮುಗಿದ ಮೇಲೆ ಅವರಿಗೆ ಹೊಸ ಮುಖ ಬೇಕು.

ಮನೆ ಬೇಕರಿಯ ನಿಜವಾದ ಲೆಕ್ಕ

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ರೇಟು ಹಾಕಿಕೊಂಡು ನೋಡಿ.

ಒಂದು ಕೆಜಿ ಕೇಕ್ 600 ರೂಪಾಯಿಗೆ ಮಾರಿದಿರಿ ಅಂದುಕೊಳ್ಳಿ. ಮೈದಾ, ಸಕ್ಕರೆ, ಕ್ರೀಮ್, ಡಬ್ಬ, ಕೆಳಗಿನ ರಟ್ಟು ಎಲ್ಲ ಸೇರಿ 350. ಕರೆಂಟಿಗೆ 20. ತಲುಪಿಸಲು ಬಸ್ಸಿಗೋ ಪೆಟ್ರೋಲಿಗೋ 50. ಉಳಿಯುವುದು 180. ಬೇಯಿಸಿ, ಆರಿಸಿ, ಕ್ರೀಮ್ ಹಚ್ಚಿ, ಪಾತ್ರೆ ತೊಳೆಯುವಷ್ಟರಲ್ಲಿ ಮೂರು ಗಂಟೆ. ಗಂಟೆಗೆ 60 ರೂಪಾಯಿ ಬಿತ್ತು. ತಿಂಗಳಿಗೆ 15 ಕೇಕ್ ಹೋದರೆ 2,700. ಒಂದು ಕೇಕ್ ದಾರಿಯಲ್ಲಿ ಜಾರಿತು ಅಂದರೆ ಮತ್ತೆ ಮಾಡಿ ಕಳಿಸಲು 420 ಬೇಕು. ಎರಡು ಕೇಕಿನ ಲಾಭಕ್ಕಿಂತ ಜಾಸ್ತಿ.

ಬಟವಾಡಿಯಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್. ಏಪ್ರಿಲ್ ಬಿಸಿಲಲ್ಲಿ ಕ್ರೀಮ್ ಕೇಕನ್ನು ತೊಡೆ ಮೇಲೆ ಇಟ್ಟುಕೊಂಡು ಬಸ್ಸಲ್ಲಿ ಹೋದವರಿಗೆ ಆ ದೂರ ಎಷ್ಟು ಅಂತ ಗೊತ್ತು. ಕ್ರೀಮ್ ಕೆಡದಂತೆ ಇಡಲು ಫ್ರೀಜರ್ ಬೇಕು, ಫ್ರೀಜರ್‌ಗೆ ನಿಲ್ಲದ ಕರೆಂಟ್ ಬೇಕು. ಕೇಕ್ ಉಬ್ಬುವ ಹೊತ್ತಿಗೆ ಕರೆಂಟ್ ಹೋದರೆ ನಡುವೆ ಕುಸಿಯುತ್ತದೆ. ಟಿವಿಯಲ್ಲಿ ಕರೆಂಟ್ ಹೋಗುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. 2,000 ವ್ಯಾಟಿನ ಓವನ್ ಒಂದು ಗಂಟೆ ಪೂರ್ತಿ ಎಳೆದರೆ 2 ಯೂನಿಟ್. ತಿಂಗಳಿಗೆ 15 ಕೇಕ್ ಅಂದರೆ 30 ಯೂನಿಟ್, ಫ್ರೀಜರ್ ಬೇರೆ. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಜೊತೆಗೆ ಆ ಯೋಜನೆ ಇರುವುದು ಮನೆ ಬಳಕೆಗೆ, ವ್ಯಾಪಾರಕ್ಕಲ್ಲ.

ಈ 2,700 ರೂಪಾಯಿಯ ಎದುರು ಒಂದು ಸಾಲ ಇಡಿ. ವಾರಕ್ಕೆ 1,000 ಕಂತು ಅಂದರೆ ತಿಂಗಳಿಗೆ 4,000. ಎಲ್ಲಿಂದ ತರುತ್ತೀರಿ? ಇನ್ನೊಂದು ಕಂಪನಿಯ ಸಾಲ ಎತ್ತಿ ಈ ಕಂತು ಕಟ್ಟುತ್ತೀರಿ. ಮೈಕ್ರೋ ಫೈನಾನ್ಸ್ ವಸೂಲಿಯ ಕಾಟ ಎಷ್ಟು ಮಿತಿಮೀರಿತ್ತು ಅಂದರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಬಂದಿದೆ ಅಂತ ಸಾಲ ಹಗುರ ಆಗಿಲ್ಲ. ಬಾಗಿಲಿಗೆ ಬಂದು ನಿಲ್ಲುವವರ ಮುಂದೆ ಮನೆಯ ಹೆಣ್ಣುಮಗಳೇ ನಿಲ್ಲಬೇಕು. ಚಪ್ಪಾಳೆ ಹೊಡೆದವರು ಆಗ ಯಾರೂ ಇರುವುದಿಲ್ಲ.

ಹಾಗಾದರೆ ಆಸೆ ಪಡಬಾರದಾ?

"ಹೆಣ್ಣುಮಕ್ಕಳು ಏನೋ ಮಾಡಲು ಹೊರಟರೆ ತಣ್ಣೀರು ಎರಚುತ್ತೀರಲ್ಲ" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಟಿವಿಯಿಂದ, ತಾಲ್ಲೂಕು ಮಟ್ಟದ ಸ್ಪರ್ಧೆಯಿಂದಲೂ, ನಿಜವಾದ ಲಾಭ ಒಂದಿದೆ. ಇಂಥವರ ಸೊಸೆ, ಇಂಥವರ ಹೆಂಡತಿ ಅಂತಲೇ ಕರೆಸಿಕೊಂಡವಳನ್ನು ಊರು ಅವಳದ್ದೇ ಹೆಸರು ಹಿಡಿದು ಕರೆಯುತ್ತದೆ. ಮನೆಯವರು ಅವಳ ಕೆಲಸವನ್ನು ಕೆಲಸ ಅಂತ ನೋಡುತ್ತಾರೆ. ಇದು ಸಣ್ಣದಲ್ಲ. ಆದರೆ ಹೆಸರು ಬಂದ ಎರಡು ತಿಂಗಳು ಫೋನ್ ಹೆಚ್ಚು ಬರುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಆ ಎರಡು ತಿಂಗಳಲ್ಲಿ ಬಂದವರು ಮತ್ತೆ ಬರುವ ಹಾಗೆ ಮಾಡಿಕೊಂಡರೆ ಹೆಸರು ಕೆಲಸಕ್ಕೆ ಬಂತು. ಅಷ್ಟರಲ್ಲಿ ದೊಡ್ಡ ಅಂಗಡಿ ಬಾಡಿಗೆಗೆ ಹಿಡಿದರೆ ಹೆಸರೇ ಹೊರೆಯಾಗುತ್ತದೆ.

ಹಾಗಾಗಿ ಕೇಕ್ ಮಾಡುವ ಅಕ್ಕ ತಂಗಿಯರಿಗೆ ನನ್ನ ಮಾತು ಇಷ್ಟು.

ಮೊದಲು ಎರಡೋ ಮೂರೋ ತಿನಿಸು ಹಿಡಿಯಿರಿ, ದಿನಾ ಒಂದೇ ರುಚಿ ಬರುವ ಹಾಗೆ ಮಾಡಿ. ಕೇಕ್ ಹುಟ್ಟುಹಬ್ಬಕ್ಕೆ ಮಾತ್ರ ಹೋಗುತ್ತದೆ, ಬನ್ನು, ರಸ್ಕು, ರಾಗಿ ಬಿಸ್ಕತ್ತು ಪ್ರತಿದಿನ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ರಾಗಿಗೂ ಕೊಬ್ಬರಿಗೂ ಬರವಿಲ್ಲ.

ಬಣ್ಣದ ಮೋಹ ಬಿಡಿ. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿಗಳನ್ನು ಪರೀಕ್ಷೆ ಮಾಡಿದಾಗ 12ರಲ್ಲಿ ಅಪಾಯಕಾರಿ ಕೃತಕ ಬಣ್ಣ ಸಿಕ್ಕಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಅದರಲ್ಲಿದ್ದವು. ಕ್ಯಾಮೆರಾಗೆ ಬಣ್ಣ ಬೇಕು, ಮಕ್ಕಳ ಹೊಟ್ಟೆಗೆ ಬೇಡ. "ಇವರ ಮನೆ ಕೇಕ್ ಮಗುವಿಗೆ ಧೈರ್ಯವಾಗಿ ಕೊಡಬಹುದು" ಅನ್ನುವ ಮಾತು ಟ್ರೋಫಿಗಿಂತ ದೊಡ್ಡದು. ಆಹಾರ ಸುರಕ್ಷತೆಯ ನೋಂದಣಿಯನ್ನೂ ಮಾಡಿಸಿ. ಸಣ್ಣ ವ್ಯಾಪಾರದವರಿಗೆ ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ.

ರೀಲ್ಸ್ ನೋಡಿ ಕಲಿತದ್ದು ಸಾಲದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕ ಹೆಬ್ಬಾಳದಲ್ಲಿದೆ, ಬಟವಾಡಿಯಲ್ಲಿ ಬೆಳಿಗ್ಗೆ ಬಸ್ ಹತ್ತಿದರೆ ಹೋಗಿ ವಿಚಾರಿಸಿಕೊಂಡು ಸಂಜೆಗೆ ವಾಪಸ್ ಬರಬಹುದು. ಅದಕ್ಕೂ ಮೊದಲು ಯಾವುದಾದರೂ ಬೇಕರಿಯಲ್ಲಿ ಆರು ತಿಂಗಳು ಕೆಲಸ ಮಾಡಿದರೆ ಇನ್ನೂ ಒಳ್ಳೆಯದು.

ಸಾಲ ಬೇಕೇ ಬೇಕು ಅಂದರೆ ವಾರದ ಕಂತಿನ ಕಡೆ ಹೋಗುವ ಮೊದಲು ಕೃಷಿ ಇಲಾಖೆ ಕಚೇರಿಗೆ ಹೋಗಿ. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ 2020ರಲ್ಲಿ ಕೇಂದ್ರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35 ಸಬ್ಸಿಡಿ, ನಮ್ಮ ರಾಜ್ಯದ ಪಾಲು ಸೇರಿದರೆ ಶೇ 50, ಗರಿಷ್ಠ 15 ಲಕ್ಷ. ಸದ್ಯ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಕೇಳಿ. ಇದು ಕೂಡ ಬ್ಯಾಂಕ್ ಸಾಲಕ್ಕೆ ಕೊಡುವ ಸಬ್ಸಿಡಿ, ಪುಕ್ಕಟೆ ಹಣ ಅಲ್ಲ ಅನ್ನುವುದು ನೆನಪಿರಲಿ.

ಇನ್ನು ನಮಗೆ, ಅಂದರೆ ತಿಂದು ಹೊಗಳುವವರಿಗೆ. ಸ್ಟೇಟಸ್‌ಗೆ ಬೆಂಕಿ ಇಮೋಜಿ ಹಾಕಿ, "ಸೂಪರ್ ಅಕ್ಕ" ಅಂತ ಬರೆದು, ಮಗನ ಹುಟ್ಟುಹಬ್ಬಕ್ಕೆ ಮಾತ್ರ ಪೇಟೆಯ ಎಸಿ ಶೋರೂಮಿನಿಂದ ಕೇಕ್ ತಂದರೆ ಆ ಹೊಗಳಿಕೆಗೆ ಏನು ಬೆಲೆ? ತಂದಾಗಲೂ "ಊರವರೇ ಅಲ್ವಾ, ಐವತ್ತು ಬಿಡು" ಅಂತ ಚೌಕಾಸಿ. ಶೋರೂಮಿನಲ್ಲಿ ಬಾಯಿ ಮುಚ್ಚಿಕೊಂಡು ಕೊಟ್ಟು ಬರುವ ನಾವು ಗಂಟೆಗೆ 60 ರೂಪಾಯಿ ದುಡಿಯುವವಳ ಹತ್ತಿರ ಐವತ್ತು ಬಿಡಿಸುತ್ತೇವೆ. ಉದ್ರಿ ಹೇಳಿ ತಿಂಗಳು ಓಡಾಡಿಸುವವರೂ ಇದ್ದಾರೆ.

ಟಿವಿಯವರು ವಿಜೇತರನ್ನು ಮರೆಯುತ್ತಾರೆ ಅಂತ ದೂರುವ ಮೊದಲು ಪಕ್ಕದ ಬೀದಿಯಲ್ಲಿ ಬೇಯಿಸುತ್ತಿರುವವಳಿಂದ ಹೋದ ವರ್ಷ ಎಷ್ಟು ಸಲ ತಂದಿದ್ದೇವೆ, ಪೂರ್ತಿ ದುಡ್ಡು ಕೊಟ್ಟಿದ್ದೇವಾ ಅಂತ ಒಮ್ಮೆ ಲೆಕ್ಕ ಹಾಕಿ. ಈ ಭಾನುವಾರ "ನೀನು ಟಿವಿಗೆ ಹೋಗಬೇಕು ಕಣಮ್ಮ" ಅನ್ನುವ ಬದಲು "ಮುಂದಿನ ತಿಂಗಳು ಎರಡು ಕೆಜಿ ಬೇಕು, ಇಗೋ ಅಡ್ವಾನ್ಸ್" ಅಂತ ಹೇಳಿ.