ತಳದ ಕೆಸರು ಎಲ್ಲಿಗೆ?

ಮಲೆನಾಡಿನ ಮಳೆಗಾಲದಲ್ಲಿ ಡೀಸೆಲ್ಲಿಗೆ ನೀರು ಸೇರಲು ಹೆಚ್ಚು ದಿನ ಬೇಡ. ಅರ್ಧ ಖಾಲಿಯಾದ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣಿದು ಹನಿಗಟ್ಟುತ್ತದೆ. ಸಡಿಲ ಮುಚ್ಚಳದ ಕ್ಯಾನಿಗಂತೂ ಮಳೆಯೇ ಇಳಿಯುತ್ತದೆ. ಭಾರವಾದ ನೀರು ತಳ ಸೇರಿ, ಎರಡೂ ಕೂಡುವಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಫಿಲ್ಟರ್ ಕಟ್ಟಿ ಟ್ರ್ಯಾಕ್ಟರ್ ಗದ್ದೆಯ ನಡುವೆ ನಿಂತಾಗಲೇ ಅದರ ಅರಿವು. ಸಂಜೆಯೇ ಟ್ಯಾಂಕ್ ತುಂಬಿಸಿಡುವುದು, ಸತು ಲೇಪದ ಡಬ್ಬಿ ಬಳಸದಿರುವುದು ಬಲ್ಲವರಿಗೆ ಹೊಸತಲ್ಲ.

ಆದರೆ ತಳದಿಂದ ಬಸಿದ ಕೆಸರು ಹೋಗುವುದೆಲ್ಲಿಗೆ? ಅಡಿಕೆ ತೋಟದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಕೆಳಗಿನ ಮನೆಯವರು ಕುಡಿಯುವ ನೀರಿಗೆ. ಮಳೆ ತೊಳೆಯುತ್ತದೆಂಬ ಸಮಾಧಾನ ಮೇಲಿನ ಮನೆಯವರದು ಮಾತ್ರ. ಅದನ್ನು ಹಳೆಯ ಎಂಜಿನ್ ಆಯಿಲಿನಂತೆಯೇ ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ಕೂಡಿಟ್ಟು ಅಧಿಕೃತ ಘಟಕಕ್ಕೆ ಒಪ್ಪಿಸಬೇಕು. ಒಬ್ಬ ರೈತನಿಗೆ ಕಷ್ಟವಾದ ಈ ಕೆಲಸವನ್ನು ಸಹಕಾರ ಸಂಘಗಳು ವಹಿಸಿಕೊಳ್ಳಲಿ. ಸಂಘದ ಹಿತ್ತಿಲಲ್ಲಿ ಒಂದು ಡ್ರಮ್ಮಿಗೆ ಸ್ಥಳವಿಲ್ಲದಿಲ್ಲ.